ಜಂತುನಾಶಕ ಔಷಧಿಯಲ್ಲಿ ಎಡ-ಬಲ ರೂಪಗಳು

ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ರೈತರು ದೇವಣಿ ದನಗಳ ಜೊತೆಗೆ ಕುರಿ, ಆಡುಗಳನ್ನೂ ಸಾಕುತ್ತಾರೆ. ಮಳೆಗಾಲದಲ್ಲಿ ಹಸಿ ಹುಲ್ಲಿನೊಡನೆ ಜಂತುಹುಳುಗಳ ಮರಿಗಳು ಇವುಗಳ ಹೊಟ್ಟೆ ಸೇರುತ್ತವೆ. ಇದಕ್ಕೆ ಕೊಡುವ ಔಷಧಿಗಳಲ್ಲಿ ಟೆಟ್ರಾಮಿಸೋಲ್ ಮತ್ತು ಲೆವಾಮಿಸೋಲ್ ಎಂಬ ಎರಡುಂಟು. ಎರಡೂ ಒಂದೇ ಎಂದು ಭಾವಿಸಿ ಪ್ರಮಾಣ ಅದಲುಬದಲಾದರೆ ಪ್ರಾಣಿಗೆ ಅಪಾಯ.

ವ್ಯತ್ಯಾಸವೇನು?

ಎಡಗಾಲಿನ ಚಪ್ಪಲಿ ಮತ್ತು ಬಲಗಾಲಿನ ಚಪ್ಪಲಿ ತೂಕದಲ್ಲಿ ಸಮ, ಆಕಾರದಲ್ಲಿ ಒಂದು ಇನ್ನೊಂದರ ಕನ್ನಡಿ ಬಿಂಬ. ಕೆಲವು ಔಷಧಿಗಳ ಅಣುಗಳೂ ಹೀಗೆಯೇ. ಬೆಲ್ಜಿಯಂನ ಜಾನ್ಸೆನ್ ಸಂಸ್ಥೆಯ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಟೆಟ್ರಾಮಿಸೋಲ್‌ನಲ್ಲಿ ಎರಡೂ ರೂಪಗಳು ಸಮಪಾಲಾಗಿವೆ. ದುಂಡುಹುಳುಗಳ ಸ್ನಾಯುಗಳನ್ನು ಬಿಗಿದು ಅವುಗಳನ್ನು ಹೊರದೂಡುವ ಶಕ್ತಿ ಬಹುಪಾಲು ಎಡ ರೂಪದಲ್ಲಿದೆ. ಆದರೆ ನಂಜು ಎರಡರಲ್ಲೂ ಇದೆ. ಎಡ ರೂಪವನ್ನು ಮಾತ್ರ ಬೇರ್ಪಡಿಸಿದ್ದೇ ಲೆವಾಮಿಸೋಲ್.

ಗುರುತಿಸುವ ವಿಧಾನ

ಎರಡೂ ರೂಪಗಳ ತೂಕ, ಕರಗುವ ಗುಣ ಒಂದೇ ಆದ್ದರಿಂದ ಸಾಧಾರಣ ಪರೀಕ್ಷೆಯಲ್ಲಿ ಇವು ಬೇರೆಯಾಗಿ ಕಾಣುವುದಿಲ್ಲ. ಇದಕ್ಕೆ ದ್ರವ ಕ್ರೊಮ್ಯಾಟೊಗ್ರಫಿ ನೆರವಾಗುತ್ತದೆ. ಸುಮಾರು ಒಂದು ಗೇಣುದ್ದದ ಉಕ್ಕಿನ ಕೊಳವೆಯಲ್ಲಿ ಸಿಲಿಕಾದ ಅತಿ ನುಣ್ಣನೆಯ ಕಣಗಳನ್ನು ತುಂಬಿರುತ್ತಾರೆ. ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸಿನಿಂದ ತಯಾರಿಸಿದ ವಸ್ತುವನ್ನು ಈ ಕಣಗಳಿಗೆ ಲೇಪಿಸಿರುತ್ತಾರೆ. ಸೆಲ್ಯುಲೋಸಿನ ಅಣುವೂ ಒಂದೇ ಕೈಯದು. ಔಷಧಿಯ ದ್ರಾವಣವನ್ನು ಒತ್ತಡದಿಂದ ಹಾಯಿಸಿದಾಗ, ಲೇಪಕ್ಕೆ ಚೆನ್ನಾಗಿ ಹೊಂದುವ ರೂಪವು ಹೆಚ್ಚು ಹೊತ್ತು ಅಂಟಿಕೊಂಡು ತಡವಾಗಿ ಹೊರಬರುತ್ತದೆ. ಇನ್ನೊಂದು ಮೊದಲೇ ಹೊರಬೀಳುತ್ತದೆ. ನೇರಳಾತೀತ ಬೆಳಕಿನ ಮಾಪಕವು ಎರಡು ಶಿಖರಗಳನ್ನು ಬರೆಯುತ್ತದೆ. ಶುದ್ಧ ಲೆವಾಮಿಸೋಲಿನ ಶಿಖರದೊಡನೆ ಹೋಲಿಸಿದರೆ ಯಾವುದು ಎಡ ರೂಪವೆಂದು ತಿಳಿಯುತ್ತದೆ. ಶಿಖರಗಳ ವಿಸ್ತೀರ್ಣದಿಂದ ಎರಡರ ಪಾಲು ಗೊತ್ತಾಗುತ್ತದೆ. ಕಾರ್ಖಾನೆಗಳಲ್ಲಿ ಲೆವಾಮಿಸೋಲನ್ನು ಸಾಮಾನ್ಯವಾಗಿ ಹರಳುಗಟ್ಟಿಸಿ ಬೇರ್ಪಡಿಸುತ್ತಾರೆ. ಶುದ್ಧತೆ ಪರೀಕ್ಷಿಸಲು ಈ ವಿಧಾನ ಉಪಯುಕ್ತ.

ರೈತರು ಗಮನಿಸಬೇಕಾದದ್ದು

1. ಕುರಿಗೆ ಬಾಯಿಯ ಮೂಲಕ ಕೊಡುವ ಲೆವಾಮಿಸೋಲ್ ಪ್ರಮಾಣ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ; ಟೆಟ್ರಾಮಿಸೋಲಾದರೆ 15 ಮಿಲಿಗ್ರಾಂ. ಅಂದರೆ 20 ಕಿಲೋ ತೂಗುವ ಕುರಿಗೆ ಮೊದಲನೆಯದು 150, ಎರಡನೆಯದು 300 ಮಿಲಿಗ್ರಾಂ.

2. ಚೀಟಿಯ ಮೇಲಿನ ಹೆಸರು ಓದಿ, ಪ್ರಾಣಿಯ ತೂಕ ನೋಡಿಯೇ ಔಷಧಿ ಕುಡಿಸಬೇಕು. ಜೊಲ್ಲು ಸುರಿದು, ಮೈ ನಡುಗಿ, ಉಸಿರಾಟ ಕಷ್ಟವಾದರೆ ಕೂಡಲೇ ಪಶುವೈದ್ಯರನ್ನು ಕರೆಯಬೇಕು.

3. ಲಾಡಿಹುಳು ಮತ್ತು ಯಕೃತ್ತಿನ ಚಪ್ಪಟೆ ಹುಳುಗಳಿಗೆ ಈ ಔಷಧಿ ನಾಟುವುದಿಲ್ಲ. ಆದುದರಿಂದ ಮೊದಲು ಸಗಣಿ, ಹಿಕ್ಕೆಯ ಪರೀಕ್ಷೆ ಮಾಡಿಸುವುದು ಲೇಸು.

4. ಹಾಲು ಕರೆಯುವ ಪ್ರಾಣಿಗೆ ಪಶುವೈದ್ಯರ ಸಲಹೆಯಿಲ್ಲದೆ ಕೊಡಕೂಡದು.