ಕೋವಿಗೆ ಏನು ತುಂಬಬೇಕು: ಗುಂಡೋ, ಚರೆಯೋ, ಬರೀ ಮದ್ದೋ?

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ನಮ್ಮ ಚಿತ್ರದುರ್ಗದ ಬೆದ್ದಲು ಸೀಮೆಯಲ್ಲಿ ಹಂದಿ ಕಾಯುವ ಕೆಲಸ ಶುರುವಾಗುತ್ತದೆ. ಒಂದು ಹಿಂಡು ಒಂದು ರಾತ್ರಿ ಇಳಿದರೆ ಸಾಕು, ಸಾಲಿಗೆ ಸಾಲೇ ಉತ್ತಹಾಗೆ ಆಗಿರುತ್ತದೆ. ಅದಕ್ಕೇ ಕೆಲವರ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಇದೆ. ನಮ್ಮ ಮನೆಯಲ್ಲೂ ಒಂದಿದೆ. ಇದು ತೋಟಾ ಹಾಕುವ ಕೋವಿಯಲ್ಲ. ಬಾಯಿಂದ ಮದ್ದು ಹಾಕಿ, ನಾರು ತುರುಕಿ, ಗಜದಿಂದ ಗಿಡಿದು, ಆಮೇಲೆ ಗುಂಡೋ ಚರೆಯೋ ಹಾಕಿ, ಮೇಲೆ ಮತ್ತೆ ನಾರು ಕೊಟ್ಟು, ಕೊನೆಗೆ ಕೇಪು ಇಡುವಂಥದ್ದು. ಒಳಗೆ ಏನು ಹೋಗಬೇಕು ಅನ್ನೋದನ್ನ ಪ್ರತಿ ಸಲವೂ ನಾವೇ ತೀರ್ಮಾನ ಮಾಡಬೇಕು. ಆ ತೀರ್ಮಾನ ಸರಿಯಿಲ್ಲದಿದ್ದರೆ ಹಂದಿಗಿಂತ ಮೊದಲು ಮನುಷ್ಯರಿಗೇ ಅಪಾಯ. ಕೋವಿ ಇಟ್ಟುಕೊಂಡ ರೈತರು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಕೋವಿ ಇರೋದು ಯಾತಕ್ಕೆ?

1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೆಳೆ ಕಾಯುವುದಕ್ಕೆ ಬಾಯಿಂದ ತುಂಬುವ ಕೋವಿಯನ್ನು ಬೇರೆಯಾಗಿಯೇ ಹೆಸರಿಸಿದ್ದಾರೆ. ಆದರೆ ಬೆಳೆ ಕಾಯುವ ಲೈಸೆನ್ಸು ಬೇಟೆ ಆಡುವ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಕಾಡುಹಂದಿಯನ್ನೂ ನಮ್ಮಷ್ಟಕ್ಕೆ ನಾವು ಹೊಡೆಯುವ ಹಾಗಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಕಾಟವಾದರೂ ಅರಣ್ಯ ಇಲಾಖೆಯ ಅಧಿಕಾರಿಯಿಂದ ಬರಹದಲ್ಲಿ ಅನುಮತಿ ಬೇಕು. ನವಿಲು, ಕೃಷ್ಣಮೃಗ, ಕರಡಿ ಮೊದಲನೇ ಪಟ್ಟಿಯವು, ಅವುಗಳ ಮಾತೇ ಬೇಡ.

ಹಾಗಾದರೆ ರಾತ್ರಿ ಹೊಲದಲ್ಲಿ ನಮಗೆ ಬೇಕಾಗಿರೋದು ಏನು? ಹಂದಿ ಹೋಗಬೇಕು, ಅಷ್ಟೆ. ಅದಕ್ಕೆ ಸದ್ದು ಸಾಕು. ಈ ಮಾತು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದನ್ನೇ ನೋಡೋಣ.

ಚರೆ

ಚರೆಗೆ ನಂಬರು ಇರುತ್ತದೆ. ನಂಬರು ದೊಡ್ಡದಾದಷ್ಟೂ ಕಾಳು ಸಣ್ಣದು. ಆರನೇ ನಂಬರಿನದು ಸುಮಾರು ಎರಡೂವರೆ ಮಿಲಿಮೀಟರು ದಪ್ಪ. ಒಂದು ಔನ್ಸಿಗೆ, ಅಂದರೆ 28 ಗ್ರಾಂ ತೂಕಕ್ಕೆ, ಸುಮಾರು 270 ಕಾಳು ಬರುತ್ತವೆ. ಎಸ್‌ಜಿ ಅನ್ನುವ ದಪ್ಪ ಚರೆ ಅದೇ ತೂಕಕ್ಕೆ 8 ಮಾತ್ರ. ದಪ್ಪ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ, ಅದೇ ಲೆಕ್ಕ.

ಹಗುರದ ಕಾಳು ಗಾಳಿಯಲ್ಲಿ ಬೇಗ ಸೋಲುತ್ತದೆ. ಹೊಟ್ಟನ್ನೂ ಕಾಳನ್ನೂ ಒಟ್ಟಿಗೆ ತೂರಿದರೆ ಕಾಳು ದೂರ ಬೀಳುವುದಿಲ್ಲವೇ, ಹಾಗೆ. ಸಣ್ಣ ಚರೆ ಹಕ್ಕಿಗೆ ಅಂತ ಮಾಡಿದ್ದು. ಹಂದಿಯ ಚರ್ಮ ದಪ್ಪ, ಗಂಡು ಹಂದಿಯ ಹೆಗಲಿನ ಮೇಲಂತೂ ಹಲಗೆಯ ಹಾಗೆ ಗಟ್ಟಿಯಾಗಿರುತ್ತದೆ. ಸಣ್ಣ ಚರೆ ಚರ್ಮದಲ್ಲೇ ನಿಲ್ಲುತ್ತದೆ. ಹಂದಿ ಸಾಯೋದಿಲ್ಲ, ಗಾಯವಾಗಿ ಪೊದೆಯಲ್ಲಿ ಮಲಗುತ್ತದೆ. ಬೆಳಿಗ್ಗೆ ಹುಲ್ಲಿಗೆ ಹೋದ ಹೆಣ್ಣುಮಕ್ಕಳ ಮೇಲೆ, ಕುರಿ ಹೊಡೆದುಕೊಂಡು ಹೋದ ಹುಡುಗರ ಮೇಲೆ ತಿರುಗಿ ಬೀಳುವುದು ಇಂಥ ಹಂದಿಯೇ. ಆದ್ದರಿಂದ 'ಸುಮ್ಮನೆ ಹೆದರಿಸೋಕೆ ನಾಲ್ಕು ಚರೆ ಹಾಕಿದೆ' ಅನ್ನುವ ಮಾತು ಸರಿಯಲ್ಲ. ಹೆದರಿಸುವುದಕ್ಕೆ ಅದು ಬೇಕಿಲ್ಲ, ಕೊಲ್ಲುವುದಕ್ಕೆ ಅದು ಸಾಲದು.

ಗುಂಡು

ಕೋವಿಯ ಬೋರಿನ ಲೆಕ್ಕ ಹೀಗೆ: ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡು ಒಂದು ಪೌಂಡಿಗೆ 12 ಬಂದರೆ ಅದು 12 ಬೋರು. ಅಂಥ ಒಂದು ಗುಂಡು ಸುಮಾರು 38 ಗ್ರಾಂ, ನಳಿಗೆಯ ಒಳಗಲ ಹದಿನೆಂಟೂವರೆ ಮಿಲಿಮೀಟರು. ಆದರೆ ಊರ ಕಡೆ ಮಾಡಿದ ಹಳೇ ಕೋವಿಗಳ ನಳಿಗೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಪಕ್ಕದ ಮನೆಯವರ ಕೋವಿಗೆ ಆಗುವ ಗುಂಡು ನಮ್ಮದಕ್ಕೆ ಆಗುತ್ತದೆ ಅನ್ನೋ ಹಾಗಿಲ್ಲ.

ಗುಂಡು ದಪ್ಪವಾದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣದಾದರೆ ಕೋವಿಯ ಬಾಯಿ ತಗ್ಗಿಸಿದಾಗ ಮದ್ದಿನಿಂದ ದೂರ ಉರುಳಿ ಬರುತ್ತದೆ. ಎರಡರಲ್ಲೂ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಆಗ ಈಡು ಹಾರಿಸಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಸಿಡಿದರೆ ಹೋಗುವುದು ಎಡಗೈ, ಇಲ್ಲವೆ ಕಣ್ಣು.

ಇದನ್ನು ತಿಳಿಯಲು ಗಜಕ್ಕೆ ಎರಡು ಗುರುತು ಹಾಕಿಕೊಳ್ಳಿ. ಖಾಲಿ ಕೋವಿಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಒಂದು, ಸರಿಯಾಗಿ ಈಡು ಕೂತಾಗ ಎಲ್ಲಿ ನಿಲ್ಲುತ್ತದೋ ಅಲ್ಲೊಂದು. ಎರಡನೇ ಗುರುತಿಗಿಂತ ಮೇಲೆ ನಿಂತರೆ ಏನೋ ಸಿಕ್ಕಿಕೊಂಡಿದೆ, ಇಲ್ಲವೆ ಒಳಗೆ ಮೊದಲೇ ಈಡು ಇದೆ ಎಂದು ಅರ್ಥ. ಮನೆಯಲ್ಲಿ ಇಬ್ಬರು ಕೋವಿ ಮುಟ್ಟುವವರಿದ್ದರೆ ಈ ಗುರುತು ಬೇಕೇ ಬೇಕು. ಗಜ ಇಳಿಸುವಾಗ ಕೇಪು ಇರಬಾರದು, ಮುಖ ಬಾಯಿಯ ಮೇಲೆ ಬರಬಾರದು.

ಗುಂಡಿನ ಇನ್ನೊಂದು ತೊಂದರೆ ಅದು ಹೋಗುವ ದೂರ. ಆರನೇ ನಂಬರಿನ ಚರೆ ಸುಮಾರು 200 ಮೀಟರಿನಲ್ಲಿ ನೆಲಕ್ಕೆ ಬೀಳುತ್ತದೆ. ಬಾಯಿ ಮೇಲೆತ್ತಿ ಹೊಡೆದ ಗುಂಡು ಅರ್ಧ ಮೈಲಿಗೂ ಆಚೆ ಹೋಗಬಹುದು. ನಮ್ಮ ಹೊಲಗಳು ಬಯಲು. ಕತ್ತಲಲ್ಲಿ ಆ ಅರ್ಧ ಮೈಲಿಯೊಳಗೆ ಎಷ್ಟು ಅಟ್ಟಣೆಗಳಲ್ಲಿ ನಮ್ಮಂತೆಯೇ ಕಾಯುವವರು ಮಲಗಿದ್ದಾರೋ ಯಾರು ಬಲ್ಲರು? ಇಲಾಖೆಯ ಅನುಮತಿ ಇದ್ದು ಗುಂಡು ಹಾಕಲೇಬೇಕಾದಾಗ್ಯೂ ಗುರಿಯ ಹಿಂದೆ ದಿಬ್ಬವೋ ಏರಿಯೋ ಇರಬೇಕು, ಕಣ್ಣಿಗೆ ಹಂದಿ ಸ್ಪಷ್ಟ ಕಾಣಬೇಕು. ಪೊದೆ ಅಲ್ಲಾಡಿತು ಅಂತ ಹೊಡೆಯೋದಲ್ಲ.

ಸೈಕಲ್ ಗೋಲಿ, ಮೊಳೆ, ಕಲ್ಲುಚೂರು

ಸೀಸ ಸಿಗಲಿಲ್ಲ ಅಂತ ಸೈಕಲ್ ಬೇರಿಂಗಿನ ಗೋಲಿ, ಮೊಳೆ ತುಂಡು, ಬೆಣಚುಕಲ್ಲು ಹಾಕುವವರಿದ್ದಾರೆ. ಇದು ಬಿಡಲೇಬೇಕಾದ ಚಾಳಿ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಕಬ್ಬಿಣ ಎಂಟು ಪಟ್ಟಿಗೂ ಕಮ್ಮಿ. ಸೀಸ ಮೆತ್ತಗೆ, ನಳಿಗೆಗೆ ಹೊಂದಿಕೊಂಡು ಹೋಗುತ್ತದೆ. ಕಬ್ಬಿಣ ನಳಿಗೆಯನ್ನು ಗೀರುತ್ತದೆ, ಬಂಡೆಗೆ ಬಡಿದರೆ ಯಾವ ದಿಕ್ಕಿಗಾದರೂ ಚಿಮ್ಮುತ್ತದೆ. ಮೊಳೆ, ಕಲ್ಲುಚೂರು ಗುರಿಗೇ ಹೋಗುವುದಿಲ್ಲ, ಅಡ್ಡಡ್ಡ ಚೆದುರುತ್ತವೆ.

ಸೀಸವೂ ಒಳ್ಳೆಯದೇನಲ್ಲ, ಅದು ವಿಷ. ಮುಟ್ಟಿದ ಮೇಲೆ ಕೈ ತೊಳೆಯದೆ ಎಲೆ ಅಡಿಕೆ ಹಾಕಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಮನೆಯಲ್ಲಿ ಸೀಸ ಕರಗಿಸಿ ಗುಂಡು ಎರೆಯುವ ಗೊಡವೆ ಬೇಡ. ಮದ್ದು ಗುಂಡು ತಯಾರಿಸಲು ಬೇರೆ ಲೈಸೆನ್ಸೇ ಬೇಕು. ಲೈಸೆನ್ಸ್ ಇರುವ ಅಂಗಡಿಯಲ್ಲಿ, ನಿಮ್ಮ ಪುಸ್ತಕದಲ್ಲಿ ಬರೆದಷ್ಟೇ ಕೊಳ್ಳಿ.

ಬರೀ ಮದ್ದು

ನಾನು ಹೊಲಕ್ಕೆ ಒಯ್ಯುವುದು ಇದನ್ನೇ. ಮದ್ದು, ಅದರ ಮೇಲೆ ನಾರು, ಬೇರೇನೂ ಇಲ್ಲ. ಬಾಯಿ ಆಕಾಶದ ಕಡೆ. ಇದರಲ್ಲೂ ಎರಡು ಎಚ್ಚರಿಕೆ. ಒಂದು, ನಾರಿನ ಉಂಡೆ ಹತ್ತಿರದವರಿಗೆ ಬಡಿದರೆ ಗಾಯವಾಗುತ್ತದೆ. ಎರಡು, ಕೆಂಡ ಹಿಡಿದ ನಾರು ಒಣ ಹುಲ್ಲಿಗೆ, ಬಣವೆಗೆ ಬಿದ್ದರೆ ಬೆಂಕಿ. ಬಣವೆ ಇರುವ ದಿಕ್ಕಿಗೆ ಹಾರಿಸಲೇಬೇಡಿ.

'ಸದ್ದಿಗೆ ಹಂದಿ ಅಭ್ಯಾಸವಾಗಿಬಿಡುತ್ತೆ' ಅಂತ ಕೆಲವರು ಹೇಳುತ್ತಾರೆ. ನಿಜ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಢಮ್ ಅನ್ನಿಸಿದರೆ ಹಾಗಾಗುತ್ತದೆ. ಜಾಗ ಬದಲಿಸಿ, ಹೊತ್ತು ಬದಲಿಸಿ. ಹಂದಿ ಬರದ ದಿನ ಸುಮ್ಮನೆ ಹಾರಿಸಬೇಡಿ. ನಡುವೆ ತಮಟೆ, ಬ್ಯಾಟರಿ ಬೆಳಕು, ನಾಯಿ ಇರಲಿ. ಅಕ್ಕಪಕ್ಕದ ನಾಲ್ಕು ಹೊಲದವರು ಪಾಳಿ ಹಾಕಿಕೊಂಡರೆ ಒಂದು ಕೋವಿಗಿಂತ ಹೆಚ್ಚು ಕೆಲಸವಾಗುತ್ತದೆ. ಆದರೂ ಬೆಳೆ ಹೋದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಬೆಳಿಗ್ಗೆ ಮನೆಗೆ ಬಂದ ಕೂಡಲೇ ಬಿಸಿನೀರಿನಿಂದ ನಳಿಗೆ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಬಟ್ಟೆ ಎಳೆಯಿರಿ. ಮದ್ದಿನ ಮಸಿ ತೇವ ಹೀರಿ ಒಂದೆರಡು ದಿನದಲ್ಲೇ ತುಕ್ಕು ಹಿಡಿಸುತ್ತದೆ. ತುಕ್ಕು ತಿಂದ ನಳಿಗೆಗೆ ಯಾವ ಈಡೂ ಸರಿಯಲ್ಲ. ಈಡು ತುಂಬಿದ ಕೋವಿಯನ್ನು ಮಾತ್ರ ಯಾವತ್ತೂ ಮನೆಯೊಳಗೆ ತರಬೇಡಿ.