ಘಟ್ಟ ಹತ್ತಿ ಬರುವ ಗೊಬ್ಬರದ ಗಾಡಿ

ಮುಸುಕಿನ ಜೋಳ ಬಿತ್ತಿ ತಿಂಗಳಾಗುತ್ತಿದ್ದಂತೆ ಸಹಕಾರ ಸಂಘದ ಮುಂದೆ ಯೂರಿಯಾಕ್ಕಾಗಿ ಸಾಲು ನಿಲ್ಲುವುದು ಹಾಸನದ ಕಡೆಯ ರೈತ ಬಾಂಧವರಿಗೆ ಹೊಸದಲ್ಲ. "ಮಂಗಳೂರಿಗೆ ಗೊಬ್ಬರ ಬಂದಿದೆಯಂತೆ, ನಮ್ಮೂರಿಗೇಕೆ ಬರಲಿಲ್ಲ?" ಎಂದು ಆಗ ಕೇಳುವವರು ಬಹಳ. ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚು ಜನರಿಗೆ ತಿಳಿಯದಿರುವ ಒಂದನ್ನು, ಅಂದರೆ ರೈಲು ಸಾಗಣೆಯನ್ನು, ಇಲ್ಲಿ ವಿವರಿಸಲಾಗಿದೆ.

ಹಾಸನ-ಮಂಗಳೂರು ರೈಲು ಮಾರ್ಗ ಉದ್ದದಲ್ಲಿ ಚಿಕ್ಕದು, ಸುಮಾರು 183 ಕಿ.ಮೀ. ಮಾತ್ರ. 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡ ಈ ಮಾರ್ಗ ಬ್ರಾಡ್ ಗೇಜಿಗೆ ಬದಲಾದ ಮೇಲೆ, 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ಗಾಡಿಗಳೇ. ಪ್ರಯಾಣಿಕರ ಗಾಡಿಗಳು ಬಂದದ್ದು 2007ರ ಕೊನೆಗೆ. ಇದರ ಕಷ್ಟವೆಲ್ಲ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ಘಟ್ಟದಲ್ಲಿದೆ. ಅಲ್ಲಿ 50 ಅಡಿ ಸಾಗಿದರೆ 1 ಅಡಿ ಏರು. ಎತ್ತಿನ ಗಾಡಿಗೆ ಇದು ಏರೆಂದೇ ಅನ್ನಿಸಲಾರದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ಆದ್ದರಿಂದ ಭಾರದ ಗಾಡಿಯನ್ನು ಹತ್ತಿಸಲು ಹಿಂದಿನಿಂದ ನೂಕುವ ಎಂಜಿನ್‌ಗಳೂ ಬೇಕು. ಹಳಿ ಒಂದೇ. ಎದುರು ಬರುವ ಗಾಡಿ ನಿಲ್ದಾಣ ಸೇರುವವರೆಗೆ ಈ ಗಾಡಿ ಕಾಯಬೇಕು. ಹೀಗಾಗಿ ದಿನಕ್ಕೆ ಇಷ್ಟೇ ಗಾಡಿಗಳೆಂಬ ಮಿತಿ ತಾನಾಗಿ ಬೀಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಗೊಬ್ಬರ ಸಾಮಾನ್ಯವಾಗಿ ಇಡೀ ಗಾಡಿಯಾಗಿ, ರೈಲ್ವೆಯವರು ರೇಕ್ ಎನ್ನುವ ಘಟಕವಾಗಿ ಬರುತ್ತದೆ. 42 ಮುಚ್ಚಿದ ವ್ಯಾಗನ್‌ಗಳ ಒಂದು ರೇಕಿನಲ್ಲಿ ಸುಮಾರು 2,600 ಟನ್ ಹಿಡಿಸುತ್ತದೆ. 45 ಕೆ.ಜಿ. ಚೀಲದಲ್ಲಿ ಎಣಿಸಿದರೆ ಐವತ್ತೇಳು ಸಾವಿರಕ್ಕೂ ಹೆಚ್ಚು ಚೀಲ! ಮಳೆಯಾಶ್ರಿತ ಮುಸುಕಿನ ಜೋಳಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ ಶಿಫಾರಸಿದ್ದು, ಅದರ ಅರ್ಧ ಮೇಲುಗೊಬ್ಬರಕ್ಕೆ. ಅಂದರೆ ಎಕರೆಗೆ ಒಂದು ಚೀಲ ಯೂರಿಯಾ. ಒಂದು ಗಾಡಿ ತಪ್ಪಿದರೆ ಐವತ್ತೇಳು ಸಾವಿರ ಎಕರೆಯ ಮೇಲುಗೊಬ್ಬರ ತಡವಾದಂತೆ. ಬಂದರೂ ಒಂದೇ ಸಲ ಬರುತ್ತದೆ. ಗೂಡ್ಸ್ ಶೆಡ್‌ನಲ್ಲಿ ಹಮಾಲರು, ಲಾರಿಗಳು ಸಿದ್ಧವಿಲ್ಲದಿದ್ದರೆ ಡೆಮರೇಜ್ ಬೀಳುತ್ತದೆ, ಹಳ್ಳಿಯ ಸಂಘಕ್ಕೆ ಮತ್ತೆರಡು ದಿನ ತಡ.

ಘಟ್ಟದಲ್ಲಿ ಗುಡ್ಡ ಕುಸಿಯುವ ಕಾಲವೂ ನಮ್ಮ ಮೇಲುಗೊಬ್ಬರದ ಕಾಲವೂ ಒಂದೇ. 2018ರ ಆಗಸ್ಟಿನಲ್ಲಿ ಹಲವೆಡೆ ಮಣ್ಣು ಕುಸಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಕುಸಿದಾಗಲೂ ಮಾರ್ಗ ಒಂದು ವಾರಕ್ಕೂ ಹೆಚ್ಚು ಮುಚ್ಚಿತ್ತು. ಪೂರ್ವ ಕರಾವಳಿಯ ಬಂದರುಗಳಿಂದ ಗೊಬ್ಬರ ತರಿಸಬಹುದು, ನಿಜ. ಆದರೆ ಆ ಗಾಡಿ ಹೊರಡಿಸಲೂ ದಿನ ಹಿಡಿಯುತ್ತದೆ. ಬೆಳೆಯ 30-35ನೇ ದಿನ ಮಾತ್ರ ಕಾಯುವುದಿಲ್ಲ.

ಆದ್ದರಿಂದ ಮೇಲುಗೊಬ್ಬರದ ಚೀಲವನ್ನು ಬಿತ್ತನೆ ಗೊಬ್ಬರದ ಜೊತೆಯಲ್ಲೇ, ಮುಂಗಾರು ಬಲಿಯುವ ಮೊದಲು ತಂದಿಟ್ಟುಕೊಳ್ಳುವುದು ಲೇಸು. ಎಕರೆಗೆ ಲೆಕ್ಕ ಹಾಕಿದಷ್ಟೇ ತನ್ನಿ. ಹೆದರಿ ಎರಡರಷ್ಟು ಕೊಂಡರೆ ನೆರೆಯವನ ಹೊಲಕ್ಕೆ ಕೊರತೆ. ಯೂರಿಯಾ ಗಾಳಿಯ ತೇವ ಹೀರಿ ಗಟ್ಟಿಯಾಗುವುದರಿಂದ ಚೀಲ ಬಿಚ್ಚದೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಗೊಬ್ಬರ ಸಿಗದೆ ಎಲೆ ಹಳದಿಯಾದಲ್ಲಿ 100 ಲೀಟರ್ ನೀರಿಗೆ 2 ಕೆ.ಜಿ. ಯೂರಿಯಾ ಕರಗಿಸಿ ಸಿಂಪಡಿಸಬಹುದು. ಎಕರೆಗೆ 200 ಲೀಟರ್ ಸಿಂಪಡಿಸಿದರೂ ಸಿಗುವ ಸಾರಜನಕ 2 ಕೆ.ಜಿ.ಗಿಂತ ಕಡಿಮೆ. ಗಾಡಿ ಬರುವತನಕ ಬೆಳೆ ತಡೆದುಕೊಳ್ಳಲು ಅಷ್ಟು ಸಾಕು. ಚೀಲ ಸಿಕ್ಕ ಕೂಡಲೇ ಹಸಿ ಮಣ್ಣಿನಲ್ಲಿ ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಬೇಕು.