ಮನೆಯಲ್ಲೇ ಕಟಿಂಗ್: ಕ್ಲಿಪ್ಪರ್ ಬ್ಲೇಡಿನ ಆಯ್ಕೆ ಮತ್ತು ಆರೈಕೆ



ಟ್ರೋಲ್‌ಹೆಟ್ಟನ್‌ಗೆ ಬಂದ ಹೊಸದರಲ್ಲಿ ನಮ್ಮನ್ನು ಚಳಿಗಿಂತ ಮೊದಲು ನಡುಗಿಸುವುದು ಕಟಿಂಗ್ ಶಾಪಿನ ದರ! ಒಂದು ತಲೆಗೆ ಮೂರ್ನಾಲ್ಕು ನೂರು ಕ್ರೋನ. ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿರುವ ಮನೆಯಲ್ಲಿ ಲೆಕ್ಕ ಸಾವಿರದ ಹತ್ತಿರ ಹೋಗುತ್ತದೆ. ಹಾಗಾಗಿ ನಮ್ಮ ಬಹಳಷ್ಟು ಮನೆಗಳ ಬಚ್ಚಲಲ್ಲಿ ಒಂದು ಕ್ಲಿಪ್ಪರ್ ಇದ್ದೇ ಇರುತ್ತದೆ.

ನಮ್ಮ ಮನೆಯ ಕ್ಲಿಪ್ಪರ್ ವರ್ಷಗಟ್ಟಲೆ ಚೆನ್ನಾಗಿಯೇ ಕೆಲಸ ಮಾಡಿತ್ತು. ಮಗನ ಶಾಲೆಯ ಫೋಟೋ ಹಿಂದಿನ ಸಂಜೆ ಕೂದಲು ಕತ್ತರಿಸುವ ಬದಲು ಕೀಳತೊಡಗಿತು. ನಾನು ಇನ್ನಷ್ಟು ಒತ್ತಿ ಹಿಡಿದೆ. ಕಿವಿಯ ಹಿಂದೆ ಗೀರಿ ರಕ್ತ ಬಂತು, ಅವನು ಅರ್ಧ ತಲೆಯಲ್ಲೇ ಎದ್ದು ಓಡಿದ! ಮುಂದಿನ ಮೂರು ತಿಂಗಳು ಆ ಯಂತ್ರದ ಸದ್ದು ಕೇಳಿದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದ. ತಪ್ಪು ನನ್ನದೇ. ಒಮ್ಮೆಯೂ ಎಣ್ಣೆ ಹಾಕಿರಲಿಲ್ಲ.

ಕ್ಲಿಪ್ಪರಿನಲ್ಲಿ ಇರುವುದು ಎರಡು ಬ್ಲೇಡು. ಕೆಳಗಿನದು ಬಾಚಣಿಗೆಯಂತೆ ಅಲುಗಾಡದೆ ಕೂದಲನ್ನು ಹಿಡಿದುಕೊಳ್ಳುತ್ತದೆ, ಮೇಲಿನದು ಅತ್ತಿತ್ತ ಓಡಾಡಿ ಕತ್ತರಿಸುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಮಾತ್ರ ಕತ್ತರಿಯ ಕೆಲಸ ಆಗುವುದು. ನಡುವೆ ಪುಡಿಕೂದಲು ಸೇರಿದರೆ ಬ್ಲೇಡು ಕೂದಲನ್ನು ಎಳೆಯುತ್ತದೆ. ಎಣ್ಣೆ ಆರಿದರೆ ಉಜ್ಜಿ ಬಿಸಿಯಾಗಿ ಬೇಗ ಸವೆಯುತ್ತದೆ.

ಆದ್ದರಿಂದ ಹೊಸ ಬ್ಲೇಡು ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿ. ಪ್ಲಗ್ ತೆಗೆದು ಚಿಕ್ಕ ಬ್ರಶ್‌ನಿಂದ ಕೂದಲು ಉದುರಿಸಿ. ಹಲ್ಲುಗಳ ಮೇಲೆ ಎರಡು ಮೂರು ಹನಿ ಕ್ಲಿಪ್ಪರ್ ಎಣ್ಣೆ ಬಿಟ್ಟು, ಕೆಲವು ಸೆಕೆಂಡ್ ಓಡಿಸಿ, ಒರೆಸಿ. ದಯವಿಟ್ಟು ಕೊಬ್ಬರಿ ಎಣ್ಣೆ ಬೇಡ! ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಇಲ್ಲಿನ ಚಳಿಗಾಲದಲ್ಲಿ ಸೀಸೆಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಬ್ಲೇಡಿನ ಸಂದಿಯಲ್ಲೂ ಹೆಪ್ಪುಗಟ್ಟುತ್ತದೆ. ಹಾಗೆಯೇ ತಲೆಗೆ ಎಣ್ಣೆ ಹಚ್ಚಿದ ದಿನ ಕ್ಲಿಪ್ಪರ್ ಮುಟ್ಟಬೇಡಿ, ಸ್ನಾನ ಮಾಡಿ ಕೂದಲು ಒಣಗಿದ ಮೇಲೆ ಕತ್ತರಿಸಿ. ತೊಳೆಯಬಹುದು ಎಂದು ಬರೆದಿಲ್ಲದ ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಕೆಲವು ಟ್ರಿಮ್ಮರ್‌ಗಳಿಗೆ ಎಣ್ಣೆಯೇ ಬೇಕಿಲ್ಲ, ಕೈಪಿಡಿ ನೋಡಿ.

ಇಷ್ಟಾದರೂ ಎಳೆಯುತ್ತಿದ್ದರೆ, ಹಲ್ಲು ಮುರಿದಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಬದಲಾಯಿಸುವ ಕಾಲ ಬಂತು. ಯಂತ್ರದ ತಳದಲ್ಲಿರುವ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು ಅದಕ್ಕೆ ಹೊಂದುವ ಜೋಡಿಯನ್ನೇ ಕೊಳ್ಳಿ. ಹಳೆಯ ಒಂದು, ಹೊಸ ಒಂದು ಸೇರಿಸಿದರೆ ಸರಿಯಾಗಿ ಕೂರುವುದಿಲ್ಲ. ಉಕ್ಕಿನ ಬ್ಲೇಡಿಗೆ ಸಾಣೆ ಹಿಡಿಸಬಹುದು. ಸೆರಾಮಿಕ್ ಬ್ಲೇಡು ಕಡಿಮೆ ಬಿಸಿಯಾಗುತ್ತದೆ, ಹರಿತವೂ ಹೆಚ್ಚು ಕಾಲ ಉಳಿಯುತ್ತದೆ, ಆದರೆ ಕೈಜಾರಿ ಬಿದ್ದರೆ ಹಲ್ಲು ಮುರಿಯುತ್ತದೆ.

ಸ್ಕ್ರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಜೋಡಿಸುವಾಗ ಓಡಾಡುವ ಬ್ಲೇಡಿನ ತುದಿ ಕೆಳಗಿನ ಬ್ಲೇಡಿನ ತುದಿಗಿಂತ ಕೂದಲೆಳೆಯಷ್ಟು ಹಿಂದೆ, ಅದಕ್ಕೆ ಸಮಾನಾಂತರವಾಗಿ ಇರಲಿ. ಮುಂದೆ ಬಂದರೆ ಚರ್ಮ ಕೊಯ್ಯುತ್ತದೆ. ಮೊದಲು ನಿಮ್ಮ ಮುಂಗೈ ಮೇಲೆ ಹಗುರವಾಗಿ ಪರೀಕ್ಷಿಸಿ, ಆಮೇಲೆ ಮಕ್ಕಳ ತಲೆಗೆ ಹೋಗಿ. ಊರಿನಿಂದ ಬಂದ ಅಪ್ಪ ಅಥವಾ ಮಾವ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಎಚ್ಚರ ಇನ್ನೂ ಮುಖ್ಯ.

ಹುಳುಕಡ್ಡಿಯಂಥ ಚರ್ಮರೋಗ ಬ್ಲೇಡಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡಬಲ್ಲದು. ಒಂದು ತಲೆ ಮುಗಿದ ಮೇಲೆ ಕ್ಲಿಪ್ಪರ್‌ಗೆಂದೇ ಸಿಗುವ ಸೋಂಕುನಿವಾರಕ ಸ್ಪ್ರೇ ಬಳಸಿ, ಆರಿದ ಮೇಲೆ ಮತ್ತೆ ಎಣ್ಣೆ ಹಾಕಿ.

ಊರಿಂದ ತಂದ ಕ್ಲಿಪ್ಪರ್ ಇಲ್ಲಿ ನಡೆಯುತ್ತದೆ. ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪಿನ್ನು ಹೊಂದದಿದ್ದರೆ ಅಡಾಪ್ಟರ್ ಸಾಕು. ಅಮೆರಿಕದ ನೆಂಟರು ಕೊಟ್ಟ 120 ವೋಲ್ಟಿನ ಯಂತ್ರವನ್ನು ಮಾತ್ರ ನೇರವಾಗಿ ಚುಚ್ಚಬೇಡಿ. ಇಲ್ಲಿ ಕೊಂಡ ಯಂತ್ರದಲ್ಲಿ ಮೊದಲಿನಿಂದಲೇ ದೋಷವಿದ್ದರೆ 3 ವರ್ಷದವರೆಗೆ ಅಂಗಡಿಯನ್ನು ಕೇಳುವ ಹಕ್ಕು ಸ್ವೀಡನ್ನಿನ ಕಾನೂನಿನಲ್ಲಿದೆ, ಹಾಗಾಗಿ ರಸೀದಿ ಜೋಪಾನ. ಬ್ಲೇಡಿನ ಸಹಜ ಸವೆತ ಇದರಲ್ಲಿ ಸೇರದು. ಕೆಟ್ಟ ಯಂತ್ರವನ್ನು ಕಸದ ಚೀಲಕ್ಕೆ ಹಾಕದೆ ಮರುಬಳಕೆ ಕೇಂದ್ರಕ್ಕೆ ಕೊಡಿ.

ಅಂದಹಾಗೆ, ಮಗ ಈಗ ಮತ್ತೆ ಕುರ್ಚಿಯ ಮೇಲೆ ಕೂರುತ್ತಾನೆ, ಒಂದು ಷರತ್ತಿನ ಮೇಲೆ: ಎಣ್ಣೆಯ ಹನಿ ಎಣಿಸಿ ಬಿಡುವವನು ಅವನೇ!